ನಾನು ಬರೆಯದ ಷರಾ

ದೆವ್ವ, ಮಾಟ, ಶಕುನ ಎಂದವರನ್ನೆಲ್ಲ ಬಾಯಿಗೆ ಬಂದಂತೆ ಬೈದವನು ನಾನು. ಈಗ ನಂಬುತ್ತೇನೆ ಎಂದೂ ಅಲ್ಲ. ಆದರೆ ನಾಲತವಾಡದ ಆಚೆಗಿದ್ದ ಆ ಮಣ್ಣಿನ ಒಡ್ಡಿನ ಸಂಗತಿ ಮಾತ್ರ ನನ್ನ ಬುದ್ಧಿಗೆ ಇನ್ನೂ ನಿಲುಕಿಲ್ಲ.

ಅರವತ್ತರ ದಶಕದ ಆರಂಭ. ನಾನು ಮುದ್ದೇಬಿಹಾಳದಲ್ಲಿ ಓವರ್‌ಸಿಯರ್ ಆಗಿದ್ದೆ. ಆ ಒಡ್ಡಿನಿಂದ ಒಂದು ಎಕರೆ ಹೊಲಕ್ಕೂ ನೀರು ಹೋಗುತ್ತಿರಲಿಲ್ಲ. ಅಧಿಕಾರಿಗಳೂ ಸಾಹುಕಾರರೂ ರವಿವಾರ ದೋಣಿಯಲ್ಲಿ ಕೂತು ಅಡ್ಡಾಡಲೆಂದು ಕಟ್ಟಿಸಿದ್ದು ಅದು. ದೋಣಿ ಚೆನ್ನಾಗಿ ತೇಲಲೆಂದು, ಹೆಚ್ಚಾದ ನೀರು ಹರಿದುಹೋಗುವ ಕೋಡಿಗೇ ಹಲಗೆ ಬಡಿದಿದ್ದರು. ವರ್ಷದ ತಪಾಸಣೆ ಬಂತೆಂದರೆ ಬಿರುಕಿಗೆ ಸಗಣಿ ಮೆತ್ತಿ, ಕಲ್ಲಿಗೆ ಸುಣ್ಣ ಬಳಿದು, ಹೆಗ್ಗಣದ ಬಿಲದ ಮೇಲೆ ಜಮಖಾನೆ ಹಾಸಿ ನಮ್ಮನ್ನು ಊಟಕ್ಕೆ ಕೂರಿಸುತ್ತಿದ್ದರು. ಹೇಸಿಗೆಯ ಕೆಲಸ. ನಾನೂ ಹೊಟ್ಟೆ ತುಂಬ ಉಣ್ಣುತ್ತಿದ್ದೆ.

ಆ ವರ್ಷ ಮಳೆ ಜೋರು. ತಪಾಸಣೆಯ ಊಟದಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಒಡ್ಡಿನ ಕಾವಲುಗಾರ ಮೈಬೂಬಸಾಬ ಬಂದು ಪಕ್ಕದಲ್ಲಿ ಬಗ್ಗಿದ.

“ಸಾಹೇಬ್ರ, ಒಡ್ಡಿನ ಬುಡಕ ನಿನ್ನೀತನಕ ತಿಳಿನೀರು ಜಿನಗತಿತ್ರಿ. ಇವತ್ತ ಕೆಸರ ಬರಾಕತ್ತೈತಿ. ಕೆಳಗ ಕಲ್ಲೊಡಿಯೋರ ಗುಡಿಸಲ ಅದಾವ್ರಿ, ಸಣ್ಣ ಕೂಸುಗೋಳು.”

ಕೆಸರು ಬಂದರೆ ಒಡ್ಡಿನ ಒಳಗಿನ ಮಣ್ಣೇ ಕೊಚ್ಚಿಹೋಗುತ್ತಿದೆ ಎಂದರ್ಥ. ಅದು ನನಗೆ ಗೊತ್ತಿತ್ತು.

“ಸುಮ್ಮನಿರಪಾ, ದೊಡ್ಡೋರು ಉಣ್ಣಾಕ ಕುಂತಾರ,” ಎಂದೆ.

ಊಟ ಮುಗಿಸಿ ಕೈತೊಳೆದು ತಪಾಸಣೆಯ ಪುಸ್ತಕದಲ್ಲಿ ‘ಒಡ್ಡು ಸುಸ್ಥಿತಿಯಲ್ಲಿದೆ’ ಎಂದು ಷರಾ ಬರೆದು ಸಹಿ ಹಾಕಿದೆ. ಬುಡಕ್ಕೆ ಇಳಿದು ನೋಡಲೂ ಇಲ್ಲ. ಪುಸ್ತಕವನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಕೀಲಿ ಜನಿವಾರಕ್ಕೆ ಕಟ್ಟಿಕೊಂಡಿದ್ದೆ.

ಮರುದಿನ ಮುಂಜಾನೆ ನಾನೇ ಅದನ್ನು ಕಚೇರಿಗೆ ಒಯ್ದು ಕೊಟ್ಟೆ. ಕಾರಕೂನ ತನ್ನ ರೂಢಿಯಂತೆ ಮೊದಲು ಕಚೇರಿಯ ಶಿಕ್ಕೆ ಒತ್ತಿ, ಆಮೇಲೆ ಓದಿದ. ಆ ಪುಟದ ಮೇಲೆ ಬೆರಳಿಟ್ಟ.

“ಏನ್ ಬರದೀರಿ ಇದು? ದೊಡ್ಡ ಸಾಹೇಬ್ರು ನಿಮ್ಮನ್ನ ಬಿಡ್ತಾರೇನ್ರಿ?”

ಇಣುಕಿ ನೋಡಿದೆ. ‘ಬುಡದಲ್ಲಿ ಕೆಸರು ನೀರು ಬರುತ್ತಿದೆ. ಕೆಳಗಿನ ಜನರನ್ನು ಇಂದೇ ತೆರವು ಮಾಡತಕ್ಕದ್ದು.’ ನನ್ನ ಅಕ್ಷರ, ನನ್ನ ಮಸಿ, ನನ್ನ ಸಹಿ. ಒಂದು ಕಾಟೂ ಇಲ್ಲ, ತಿದ್ದುಪಡಿಯೂ ಇಲ್ಲ. ಶಿಕ್ಕೆ ಬಿದ್ದ ಕಾಗದವನ್ನು ನುಂಗುವ ಧೈರ್ಯ ಯಾರಿಗೂ ಬರಲಿಲ್ಲ. ಸಂಜೆಯೊಳಗೆ ಗುಡಿಸಲಿನವರನ್ನು ಶಾಲೆಯ ಕಟ್ಟಡಕ್ಕೆ ಸಾಗಿಸಿದರು. ಮೂರನೆಯ ದಿನ ಹಾಡುಹಗಲೇ ಒಡ್ಡು ಒಡೆಯಿತು. ಗುಡಿಸಲುಗಳಿದ್ದ ಜಾಗದಲ್ಲಿ ಒಲೆಯ ಕಲ್ಲೂ ಉಳಿಯಲಿಲ್ಲ.

ನಿದ್ದೆಗಣ್ಣಲ್ಲಿ ನಾನೇ ಬರೆದೆನೇ? ಹಾಗಾದರೆ ಮೊದಲಿನ ಸಾಲು ಎಲ್ಲಿ ಹೋಯಿತು? ಪುಟ ಹರಿದಿರಲಿಲ್ಲ.

ನನಗೆ ಅಸಹ್ಯವೆನಿಸುವುದು ಬೇರೆಯದು. ಆ ವಾರ ಗುಡಿಸಲಿನ ಮುದುಕಿಯೊಬ್ಬಳು ಮೊಮ್ಮಗಳನ್ನು ಎತ್ತಿಕೊಂಡು ಕಚೇರಿಗೆ ಬಂದಳು. “ನೀವು ಬರದ ಕೊಟ್ಟಿದ್ದಕ್ಕ ಈ ಕೂಸು ಉಳೀತ್ರಿ ಯಪ್ಪಾ,” ಎಂದು ನನ್ನ ಕಾಲು ಮುಟ್ಟಿದಳು. ನಾನು ಬರೆದದ್ದು ಏನೆಂದು ನನಗೆ ಗೊತ್ತಿತ್ತು. ಆದರೂ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.