ಹಡದಾಕಿಗೆ ಏನನ್ನಬೇಕ್ರಿ?

ಕುಷ್ಟಗಿಯ ನಮ್ಮ ಓಣಿಯಲ್ಲಿ ನಿವೃತ್ತ ನರ್ಸಬಾಯಿ ಒಬ್ಬರಿದ್ದರು. ಮೊಬೈಲಿನಲ್ಲಿ ಬೈಬಲ್ಲಿನ ಬೇರೆ ಬೇರೆ ಕನ್ನಡ ಅನುವಾದಗಳನ್ನು ತೆರೆದು, ಕನ್ನಡಕವನ್ನು ಹಣೆಗೇರಿಸಿ, “ಇದರಾಗ ಖರೇ ಯಾವುದ್ರಿ?” ಎಂದು ನನ್ನನ್ನು ಕೇಳುತ್ತಿದ್ದರು.

ಒಂದು ಸಂಜೆ ಅವರ ಮುಂದಿನ ಚಹಾ ಆರಿಹೋಗಿತ್ತು. “ನೋಡ್ರಿ, ಮದುವಿ ಮನಿಯಾಗ ಯೇಸು ತನ್ನ ತಾಯಿಗೆ ಒಂದರಾಗ ‘ಅಮ್ಮಾ’ ಅಂತಾನ, ಇನ್ನೊಂದರಾಗ ‘ಸ್ತ್ರೀಯೇ’ ಅಂತಾನ. ಹಡದಾಕಿಗೆ ಯಾರರೆ ಹಂಗ ಅಂತಾರೇನ್ರಿ?”

“ಅವರ ಭಾಷಾದಾಗ ಅದು ಗೌರವದ ಮಾತಿರಬೇಕ್ರಿ,” ಎಂದೆ.

“ತಾಯಿಗೆ ಎಂಥಾ ಗೌರವರಿ?”

ಅಷ್ಟರಲ್ಲಿ ಗಂಗಾವತಿಯಿಂದ ಅವರ ಮಗನ ಫೋನ್ ಬಂತು. ಯಾವಾಗಲೂ “ಯವ್ವಾ, ಉಂಡ್ಯೇನಬೇ?” ಎನ್ನುತ್ತಿದ್ದವನು, ಹೊಸದಾಗಿ ಮದುವೆಯಾದವನು, ಅಂದು ಹೆಂಡತಿ ಪಕ್ಕದಲ್ಲಿದ್ದಳೇನೋ, ಸ್ಪೀಕರಿನಲ್ಲಿ “ಊಟ ಆತೇನ್ರಿ?” ಎಂದ.

ನರ್ಸಬಾಯಿ ಗಲಿಬಿಲಿಗೊಂಡು, ಯಾರೋ ಸಾಹೇಬರಿಗೆ ಹೇಳಿದಂತೆ, “ಹೂನ್ರಿ, ಆತ್ರಿ” ಎಂದುಬಿಟ್ಟರು.