ಕಟಕೋಳದಲ್ಲಿ ಓದಿದ ಅವ್ವನ ಕವನ

೧೯೯೭ರ ಮಾತು. ಆಗ ನಾನು ಬೈಲಹೊಂಗಲದಲ್ಲಿ ಹೈಸ್ಕೂಲ್ ಮಾಸ್ತರ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿಯ ತವರು ರಾಮದುರ್ಗ ತಾಲೂಕಿನ ಕಟಕೋಳ. ನನ್ನ ಒಂದೆರಡು ಕವನ ಪತ್ರಿಕೆಯಲ್ಲಿ ಬಂದದ್ದೇ ತಡ, ಮಾವನವರು “ನಮ್ಮ ಅಳಿಯಾರು ಕವಿ ಅದಾರ” ಎಂದು ಊರೆಲ್ಲ ಸಾರಿಬಿಟ್ಟಿದ್ದರು. ಹೀಗಾಗಿ ಅಲ್ಲಿನ ಸಾಲೆಯ ಅಂಗಳದಲ್ಲಿ ನಡೆದ ಕವಿಗೋಷ್ಠಿಗೆ ನನಗೂ ಕರೆ ಬಂತು.

ನನಗಿಂತ ಮೊದಲು ಬಂದವರೆಲ್ಲ ರಾಗ ಎಳೆದು ಹಾಡಿದರು. ನಮ್ಮ ಕಡೆ ಅದೇ ರೂಢಿ. ಮೊದಲು ಕವನ ಹುಟ್ಟಿದ ಕಥೆ ಹೇಳಬೇಕು, ಆಮೇಲೆ ಒಂದೊಂದು ಸಾಲನ್ನೂ ಎರಡೆರಡು ಸಲ ಹಾಡಬೇಕು. ನನಗೆ ಒಳಗೊಳಗೇ ನಗು. ನಾನು ಹೊಸ ಕಾವ್ಯದವನು ನೋಡಿ. ಪ್ರಾಸವಿಲ್ಲ, ರಾಗವಿಲ್ಲ, ಮಾತಾಡಿದಂತೆ ಓದುವವನು.

ನನ್ನ ಕವನ ತೀರಿಕೊಂಡ ಅವ್ವನ ಮೇಲಿತ್ತು. ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ ನನಗೆ ಎಚ್ಚರವಾಗುತ್ತಿತ್ತು, ಈಗ ಗಡಿಯಾರ ಎಬ್ಬಿಸುತ್ತದೆ, ಇಷ್ಟೇ ಅದರ ಹುರುಳು. ಬರೆಯುವಾಗ ಅತ್ತಿದ್ದೆ. ಮೆಲುದನಿಯಲ್ಲಿ ಓದಿ ಮುಗಿಸಿ ತಲೆಯೆತ್ತಿದೆ. ಒಂದು ಚಪ್ಪಾಳೆಯೂ ಇಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕವನ ಎದೆಗೆ ನಾಟಿದೆ ಎಂದುಕೊಂಡು ಗಂಭೀರವಾಗಿ ನಿಂತೆ.

ಆಗ ಮುಂದೆ ಕುಳಿತಿದ್ದ ಹಿರಿಯರೊಬ್ಬರು, “ಪ್ರಸ್ತಾವನಿ ಛಲೋ ಆತ್ರಿ ಮಾಸ್ತರ್. ಇನ್ನ ಕವನ ಸುರು ಮಾಡ್ರಿ” ಎಂದರು.

ಅವರು ಕುಚೇಷ್ಟೆ ಮಾಡಿರಲಿಲ್ಲ. ನಿಜವಾಗಿಯೂ ಕಾಯುತ್ತಿದ್ದರು. ಅವರ ಪಕ್ಕದಲ್ಲಿ ತಲೆಗೆ ಹೊಸ ಪಟಕ ಸುತ್ತಿಕೊಂಡು ಕುಳಿತಿದ್ದ ಮಾವನವರೂ “ಹಾಡ್ರಿ, ಹಾಡ್ರಿ” ಎಂದು ಹುರುಪಿನಿಂದ ಕೈ ಮಾಡಿದರು. ‘ಕವನ ಮುಗೀತ್ರಿ’ ಎಂದರೆ ಸಾಕಿತ್ತು. ಮಾವನವರಿಗೆ ಅವಮಾನವಾದೀತು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಇದ್ದದ್ದು ನನ್ನ ಮಾನದ ಚಿಂತೆಯೇ. “ಹೂಂರಿ, ಸುರು ಮಾಡ್ತೇನಿ” ಎಂದುಬಿಟ್ಟೆ. ನಮ್ಮ ಸಾಲೆಯ ವಾರ್ಷಿಕ ಗ್ಯಾದರಿಂಗಿಗೆಂದು ಹಿಂದೊಮ್ಮೆ ಕಟ್ಟಿದ್ದ, ಹೆಂಡತಿಗೆ ಹೆದರುವ ಗಂಡನ ಹಾಡು ಬಾಯಿಗೆ ಬಂತು. ಹಾಡಿದೆ. ಎರಡೆರಡು ಸಲ ಹಾಡಿದೆ. ಅಂಗಳದ ತುಂಬ ನಗು, ಚಪ್ಪಾಳೆ. ಸಂಘಟಕರು ಮಾವನವರ ಕೈಯಿಂದಲೇ ನನಗೆ ಶಾಲು ಹೊದಿಸಿದರು.

ಮರುದಿನ ಇಬ್ಬರೂ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಮರಳುತ್ತಿದ್ದೆವು. ಹಿಂದಿನ ದಿನ ಹೆಂಗಸರ ನಡುವೆ ಕುಳಿತು ಎಲ್ಲ ಕೇಳಿದ್ದ ಹೆಂಡತಿ, ಸವದತ್ತಿ ದಾಟಿದ ಮೇಲೆ ಮೆಲ್ಲಗೆ ಕೇಳಿದಳು. “ಮೊದಲ ಓದಿದ್ರಲ್ಲ, ಅದ ಕವನ ಹೌದಲ್ರಿ? ನಿಮ್ಮ ಅವ್ವಾರದು?”

ನಾನು ಹೌದೆಂದು ತಲೆಯಾಡಿಸಿದೆ.

“ನಂಗ ಅಳು ಬಂದಿತ್ತು. ಅಷ್ಟರಾಗ ನೀವು ನಗಸಾಕ ಹತ್ತಿದ್ರಿ.”

ಅವಳು ಅವ್ವನನ್ನು ಕಂಡವಳೇ ಅಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಆಮೇಲೆ ಎಷ್ಟೋ ಕಡೆ ಓದಿದ್ದೇನೆ. ಕವನ ಮುಗಿದ ಕೂಡಲೇ “ಮುಗೀತ್ರಿ” ಎಂದು ಗಟ್ಟಿಯಾಗಿ ಹೇಳಿಯೇ ಇಳಿಯುತ್ತೇನೆ. ಜನ ನಗುತ್ತಾರೆ. ನಗಲಿ. ಅವ್ವನ ಕವನವನ್ನು ಮಾತ್ರ ಮತ್ತೆ ಎಲ್ಲಿಯೂ ಓದುವ ಧೈರ್ಯವಾಗಿಲ್ಲ.