ಹೆಚ್ಚಾದ ನೀರಿಗೆ ದಾರಿ ಮಾಡುವ ಅಲೀಮಾ

ಬೆಳಗಿನ ಆರು ಗಂಟೆ. ಇಳಕಲ್ಲಿನ ನೇಕಾರರ ಓಣಿಯಲ್ಲಿ ನಿನ್ನೆ ಸಂಜೆಯ ಮಳೆಯ ತೇವ ಇನ್ನೂ ಆರಿಲ್ಲ. ಹಣಮೇಶ ಎಂಬುವವರ ಮನೆಯ ಮುಂದೆ ಮೂರು ಕಲ್ಲು ಹೂಡಿ, ಕಟ್ಟಿಗೆ ಉರಿಯಲ್ಲಿ ಕಬ್ಬಿಣದ ಕೊಳವೆಯ ತುಂಡೊಂದನ್ನು ಕೆಂಪಗೆ ಕಾಯಿಸುತ್ತಿದ್ದಾರೆ ಅಲೀಮಾ. ವಯಸ್ಸು ಐವತ್ತನಾಲ್ಕು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಕಾದ ಕೊಳವೆಯನ್ನು ಇಕ್ಕಳದಲ್ಲಿ ಹಿಡಿದು, ಮಳೆ ನೀರು ಹಿಡಿಯುವ ನೀಲಿ ಬ್ಯಾರಲ್‌ನ ಬಾಯಿಯಿಂದ ನಾಲ್ಕು ಬೆರಳು ಕೆಳಗೆ ಒತ್ತುತ್ತಾರೆ. ಹೊಗೆಯೇಳುತ್ತದೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ದುಂಡನೆಯ ಬಿಲ್ಲೆಯೊಂದು ಕಳಚಿ ಬ್ಯಾರಲ್ ಒಳಗೆ ಬೀಳುತ್ತದೆ.

"ಅಲೀಮಕ್ಕಾ, ಇಷ್ಟ್ ದೊಡ್ಡ ತೂತ ಯಾಕ? ಸಣ್ಣ ಪೈಪ್ ಸಾಲಂಗಿಲ್ಲೇನ?" ಹಣಮೇಶ ಕೇಳುತ್ತಾರೆ.

"ಮ್ಯಾಲಿಂದ ಬರೋದು ಮೂರಿಂಚಿನ ಪೈಪಿನಾಗ. ಹೋಗಾಕ ಅರ್ಧ ಇಂಚಿನ ದಾರಿ ಕೊಟ್ರ ಉಳಿದ ನೀರು ಎಲ್ಲಿಗೆ ಹೋಗಬೇಕು ಹೇಳು. ಸೀದಾ ನಿನ್ನ ಗೋಡಿ ಬುಡಕ್ಕ ಹೋಗತೈತಿ."

ಮಳೆ ನೀರು ಹಿಡಿಯಿರಿ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ತುಂಬಿದ ಮೇಲೆ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ಛಾವಣಿಯ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು ಏಳು ಬ್ಯಾರಲ್ ನೀರಾಗುತ್ತದೆ. ಮನೆ ಮುಂದೆ ಇರುವುದು ಒಂದು, ಬಹಳವಾದರೆ ಎರಡು. ಮಿಕ್ಕ ಐದು ಬ್ಯಾರಲ್ ನೀರನ್ನು ಕರಿಬೇವಿನ ಗಿಡಕ್ಕೋ ಇಂಗು ಗುಂಡಿಗೋ ಹಿತ್ತಲಿನ ಬಾವಿಗೋ ಸುರಕ್ಷಿತವಾಗಿ ಮುಟ್ಟಿಸುವುದೇ ಅಲೀಮಾ ಅವರ ಕಸುಬು. ಪೈಪಿನ ತುದಿಗೆ ಸೊಳ್ಳೆ ಹೋಗದಂತೆ ಜಾಳಿಗೆ ಕಟ್ಟುತ್ತಾರೆ. ಮಳೆಗಾಲದಲ್ಲಿ ದಿನಕ್ಕೆ ಎರಡು ಮನೆ, ಒಮ್ಮೊಮ್ಮೆ ಮೂರು. ಹುನಗುಂದದಿಂದಲೂ ಫೋನು ಬರುತ್ತದೆ.

ಅವರ ತಂದೆ ಮುರ್ತುಜಸಾಬ ತಗಡಿನ ಕೆಲಸದವರು. ಮಾಳಿಗೆಯ ನೀರು ಕೆಳಗೆ ಬೀಳಲೆಂದು ಮನೆಮನೆಗೂ ಹರನಾಳಿಗೆ ಮಾಡಿಕೊಡುತ್ತಿದ್ದರು. ತುದಿಯನ್ನು ಮೀನಿನ ಬಾಯಂತೆ ಮಡಿಸುವುದು ಅವರ ಕೈಯ ಗುರುತು. "ಮಳಿ ಸುರು ಆತಂದ್ರ ಓಣಿ ತುಂಬ ಕೊಡ, ಹಂಡೆ, ಪಾತೇಲಿ ಸಾಲಾಗಿ ಇಡೋರು. ಒಂದೊಂದರ ಸಪ್ಪಳ ಒಂದೊಂದ್ ನಮೂನಿ. ಅಬ್ಬಾ ಒಳಗ ಕುಂತು, ಇದು ಗುರುಲಿಂಗವ್ವನ ಹಂಡೆ, ಇದು ನಮ್ಮ ಕೊಡ ಅಂತ ಕಿವೀಲೆ ಹೇಳೋರು" ಎಂದು ಅಲೀಮಾ ನಗುತ್ತಾರೆ. ಆಗ ತುಂಬಿ ಚೆಲ್ಲಿದ ನೀರಿನ ಚಿಂತೆಯೇ ಇರಲಿಲ್ಲ. ಅಂಗಳ ಮಣ್ಣಿನದು, ಕುಡಿಯುತ್ತಿತ್ತು. ಉಳಿದದ್ದು ಹಳ್ಳ ಸೇರುತ್ತಿತ್ತು. ಈಗ ಹೊಸ್ತಿಲವರೆಗೂ ಕಾಂಕ್ರೀಟು. ನೀರಿಗೆ ಇಳಿಯಲು ಜಾಗವಿಲ್ಲ, ಮನೆಯೊಳಗೇ ಬರುತ್ತದೆ.

ತಂದೆಯ ಕೈ ನಡುಗತೊಡಗಿದಾಗ ಏಣಿ ಹತ್ತಿದ್ದು ಮಗಳು. ಹೆಣ್ಣುಮಗಳು ಮಾಳಿಗೆ ಹತ್ತುವುದೇ ಎಂದು ನಕ್ಕವರುಂಟು. ತಂದೆ ತೀರಿಕೊಂಡ ಮೇಲೆ ತಗಡು ಹೋಗಿ ಪ್ಲಾಸ್ಟಿಕ್ ಬಂತು. ಅದನ್ನೂ ಕಲಿತರು. ಆದರೆ ಕಸುಬಿನ ನಿಜವಾದ ಪಾಠ ಸಿಕ್ಕಿದ್ದು ಆರು ವರ್ಷದ ಹಿಂದೆ, ಸಾವಿತ್ರೆವ್ವನವರ ಮನೆಯಲ್ಲಿ.

ಓಣಿಯ ಹಿರಿಯ ನೇಕಾರ್ತಿ ಸಾವಿತ್ರೆವ್ವ ಆಗ ಬಸುರಿ ಮೊಮ್ಮಗಳು ಪದ್ಮಶ್ರೀಯ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಹಸಿರು ಸೀರೆ ನೇಯುತ್ತಿದ್ದರು. ಕಣ್ಣು ಮಂಜಾಗುತ್ತಿತ್ತು, ಅದೇ ತನ್ನ ಕಡೆಯ ಸೀರೆ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದರು. ಅವರದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಆ ಮಗ್ಗದ ಗೋಡೆಯ ಹೊರಮಗ್ಗುಲಿಗೇ ಅಲೀಮಾ ಬ್ಯಾರಲ್ ಕೂಡಿಸಿದ್ದರು. ಹೆಚ್ಚಾದ ನೀರಿಗೆ ಕೈಯಲ್ಲಿದ್ದ ಅರ್ಧ ಇಂಚಿನ ಪೈಪಿನ ತುಂಡನ್ನೇ ಸಿಕ್ಕಿಸಿದ್ದರು.

ಆರಿದ್ರಾ ಮಳೆ ಒಂದು ಮಧ್ಯಾಹ್ನ ನಲವತ್ತು ನಿಮಿಷ ಬಿಡದೆ ಹೊಡೆಯಿತು. ಬ್ಯಾರಲ್ ತುಂಬಿ, ಬಾಯಿ ಮೀರಿ, ಮಣ್ಣಿನ ಗೋಡೆಯ ಬುಡಕ್ಕೆ ಸುರಿಯಿತು. ಮಗ್ಗದ ಕುಣಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಗೋಡೆಯ ಮಣ್ಣು ಕಳಚಿ ಸೀರೆಯ ಮೇಲೆಯೇ ಬಿತ್ತು.

"ಮಂದಿ ಎಲ್ಲಾ ಮಳೀಗೇ ಬೈಯಾಕತ್ತಿದ್ರು. ನಾ ಸುಮ್ನಿದ್ರ ನಡೀತಿತ್ತು. ಮನಿಗೆ ಹೋದೆ, ರಾತ್ರಿ ಪೂರಾ ಆ ಪೈಪಿನ ಲೆಕ್ಕಾನ ಹಾಕ್ಕೋಂತ ಕುಂತೆ" ಎನ್ನುತ್ತಾರೆ ಅಲೀಮಾ. ಮರುದಿನ ಬೆಳಿಗ್ಗೆ ಹೋಗಿ ಬಾಗಿಲಲ್ಲಿ ನಿಂತರು. "ಚಿಗವ್ವಾ, ಇದು ಮಳಿ ತಪ್ಪಲ್ಲ. ಪೈಪ್ ಸಣ್ಣದು ಹಾಕಿದ್ದು ನಾನ."

ಸಾವಿತ್ರೆವ್ವ ಅಲೀಮಾರ ಮುಖವನ್ನೊಮ್ಮೆ ನೋಡಿ ಬಾಗಿಲು ಹಾಕಿಕೊಂಡರು.

ಅಲೀಮಾ ಮನೆಗೆ ಮರಳಲಿಲ್ಲ. ಹೊರಗೇ ಕೂತು ಬ್ಯಾರಲ್‌ಗೆ ದೊಡ್ಡ ಪೈಪು ಕೂಡಿಸಿದರು. ಓಣಿ ಕೊನೆಯ ಬೇವಿನ ಮರದವರೆಗೆ ಕಾಂಕ್ರೀಟಿನ ಅಂಚು ಒಡೆದು ಕಾಲುವೆ ತೆಗೆದರು. ಎರಡು ದಿನ ಹಿಡಿಯಿತು. ಮೂರನೆಯ ದಿನ ಬಾಗಿಲು ತೆರೆಯಿತು. ಸಾವಿತ್ರೆವ್ವ ಬಕೆಟ್ ಮುಂದೆ ಚಾಚಿ ನಿಂತಿದ್ದರು. "ಹೊರಗಿಂದಾತು. ಒಳಗಿನ ನೀರು ಯಾರ ತೋಡಬೇಕು?"

ಇಬ್ಬರೂ ಕೂಡಿ ತೋಡಿದರು. ಕುಣಿ ಆರಲು ಹನ್ನೊಂದು ದಿನ ಬೇಕಾಯಿತು. ಉಳಿದಿದ್ದ ಒಂದು ಗಜ ನೇಯ್ದು ಸೀರೆ ಮುಗಿಸಿದಾಗ ಅಂಗೈಯಗಲದ ಕೆಮ್ಮಣ್ಣಿನ ಕಲೆ ಮಾತ್ರ ಹೋಗಲಿಲ್ಲ. ಪದ್ಮಶ್ರೀ ಅದನ್ನು ನಿರಿಗೆಯೊಳಗೆ ಮುಚ್ಚಿಟ್ಟು ಉಟ್ಟಳು. ಕುಬಸದ ದಿನ ಸಾವಿತ್ರೆವ್ವ ಆ ನಿರಿಗೆಯನ್ನೇ ಬಿಡಿಸಿ ಬಂದ ಹೆಂಗಸರಿಗೆಲ್ಲ ಕಲೆ ತೋರಿಸಿದರು, ನಡೆದದ್ದನ್ನೂ ಹೇಳಿದರು. ಮೂಲೆಯಲ್ಲಿ ಕೂತಿದ್ದ ಅಲೀಮಾಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಕೆಲಸ ಮಾಡೋರು ಭಾಳ ಮಂದಿ ಸಿಗ್ತಾರ್ರಿ" ಎನ್ನುತ್ತಾರೆ ಈಗ ಎಪ್ಪತ್ತಾರರ ಸಾವಿತ್ರೆವ್ವ. "ಕೆಟ್ಟದ್ದು ನನ್ನಿಂದ ಅಂತ ತಾವಾಗಿ ಬಂದು ಹೇಳೋರು ಎಲ್ಲಿ ಸಿಗ್ತಾರ? ಅದಕ್ಕ ಅವತ್ತು ಎಲ್ಲಾರಿಗೂ ಹೇಳಿದೆ, ಬ್ಯಾರಲ್ ಕೂಡಸೋದಿದ್ರ ನಮ್ಮ ಅಲೀಮಾನ್ನ ಕರೀರಿ ಅಂತ." ಊಟ ಮುಗಿಯುವ ಹೊತ್ತಿಗೆ ಇಬ್ಬರು ಬಂದು ಅಲೀಮಾ ಅವರ ನಂಬರು ಬರೆದುಕೊಂಡರು. ಅಲ್ಲಿಂದೀಚೆಗೆ ಮಳೆಗಾಲದಲ್ಲಿ ಅವರಿಗೆ ಬಿಡುವಿಲ್ಲ.

ಹಣಮೇಶರ ಮನೆಯ ಕೆಲಸ ಮುಗಿಯುವಾಗ ಬಿಸಿಲೇರಿದೆ. ಅಲೀಮಾ ಬ್ಯಾರಲ್‌ಗೆ ಕೊಡದ ಮೇಲೆ ಕೊಡ ಸುರಿದು, ನೀರು ಪೈಪಿನಗುಂಟ ಹರಿದು ನುಗ್ಗೆ ಗಿಡ ಮುಟ್ಟುವವರೆಗೂ ನಿಂತು ನೋಡುತ್ತಾರೆ. ಗೋಡೆಯ ಬುಡ ಒಣಗಿದೆಯೇ ಎಂದು ಕೈಯಿಂದ ಸವರುತ್ತಾರೆ. ಇಷ್ಟು ಮನೆಗೆ ದುಡಿದಿದ್ದೀರಿ, ಜನ ನಿಮ್ಮನ್ನು ನೆನೆಸಬೇಕೆಂದು ಆಸೆಯಿಲ್ಲವೇ ಎಂದು ಕೇಳುತ್ತೇನೆ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಮಳಿ ಬರೋವಾಗ ಯಾರೂ ನನ್ನ ನೆನಸಬಾರದ್ರಿ. ನೆನಸಿದ್ರಂದ್ರ ಎಲ್ಲೋ ಸೋರಾಕತ್ತೈತಿ ಅಂತನ ಅರ್ಥ."